ಲ್ಯಾಮಿಂಗ್ಟನ್ ರೋಡಿನ ಸೀರಿಯಲ್ ಕೇಬಲ್‌ಗಳು: ಕರ್ನಲ್ ಡೀಬಗ್ಗಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಇದ್ದಲ್ಲೇ ನಿಂತುಬಿಟ್ಟಾಗ ಅದರ ಬಾಯಿ ಬಿಡಿಸಲು ಉಳಿಯುವ ದಾರಿ ಬಹಳ ಸಲ ಒಂದೇ. ಪರದೆ ಅಲುಗುವುದಿಲ್ಲ, ನೆಟ್‌ವರ್ಕ್ ಹೋಗಿರುತ್ತದೆ, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಕೂಡ ಹೊತ್ತುವುದಿಲ್ಲ. ಆಗ ಕೈಗೆ ಸಿಗುವುದು ಸೀರಿಯಲ್ ಪೋರ್ಟಿನ ಮೂರು ತಂತಿ: ಕಳಿಸುವುದೊಂದು, ಪಡೆಯುವುದೊಂದು, ಗ್ರೌಂಡ್ ಒಂದು. ಈ ಮೂರು ತಂತಿ ಸರಿಯಾಗಿದ್ದರೆ ದೋಷ ಹುಡುಕುವ ಪ್ರೋಗ್ರಾಂ, ಅಂದರೆ ಡೀಬಗ್ಗರ್, ಕೆಲಸ ಮಾಡುತ್ತದೆ. ಸರಿಯಿಲ್ಲದಿದ್ದರೆ ಎರಡು ದಿನ ಕರ್ನಲ್ ಕಾನ್ಫಿಗ್ ತಿದ್ದುತ್ತ ಕೂರಬೇಕಾಗುತ್ತದೆ, ತಪ್ಪು ಕೇಬಲ್ಲಿನಲ್ಲಿದ್ದರೂ.

ಮುಂಬೈ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದರೆ ಸಿಗುವ ಲ್ಯಾಮಿಂಗ್ಟನ್ ರೋಡಿನಲ್ಲಿ (ಬೋರ್ಡಿನ ಮೇಲಿನ ಹೆಸರು ಡಾ. ಭಡ್ಕಮ್‌ಕರ್ ಮಾರ್ಗ) ಇದಕ್ಕೆ ಬೇಕಾದ ಎಲ್ಲ ಸಾಮಾನೂ ಸಿಗುತ್ತದೆ. ಮಾಟುಂಗಾದ ಕನ್ನಡಿಗರು ಮಾಟುಂಗಾ ರೋಡಿನಿಂದ ಸ್ಲೋ ಲೋಕಲ್ ಹಿಡಿದರೆ ನೇರ ಬರಬಹುದು. ಡೊಂಬಿವಲಿ, ಠಾಣೆಯವರು ದಾದರಿನಲ್ಲಿ ಲೈನ್ ಬದಲಿಸಬೇಕು. ಪುಣೆಯವರಿಗೆ ಬುಧವಾರ ಪೇಟೆಯ ತಪ್ಕೀರ್ ಗಲ್ಲಿ ಇದೆ. ತೊಂದರೆ ಏನೆಂದರೆ, ಈ ಅಂಗಡಿಗಳಲ್ಲಿ ಒಂದೇ ಬಣ್ಣ, ಒಂದೇ ಆಕಾರದ ಕೇಬಲ್ಲಿನೊಳಗೆ ನಾಲ್ಕು ಬೇರೆ ಬೇರೆ ಚಿಪ್ ಇರಬಹುದು. ಅಂಗಡಿಯವರಿಗೆ ಅದು ‘ಯುಎಸ್‌ಬಿ ಟು ಸೀರಿಯಲ್’ ಅಷ್ಟೇ. ಬಿಲ್ಲಿಂಗ್ ಮಷೀನಿಗೋ ತೂಕದ ಯಂತ್ರಕ್ಕೋ ಆದರೆ ಯಾವುದಾದರೂ ನಡೆಯುತ್ತದೆ. ಕರ್ನಲ್ ಡೀಬಗ್ಗಿಗೆ ನಡೆಯುವುದಿಲ್ಲ.

ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡೀಬಗ್ಗರ್ ಓಡಿಸುವ ಯಂತ್ರಕ್ಕೆ, ಅಂದರೆ ಹೋಸ್ಟಿಗೆ, ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್ಪಿನ ಕೇಬಲ್ ಕೊಳ್ಳಿ. ದುಡ್ಡು ಹೆಚ್ಚಾದರೂ ಕೊಳ್ಳಿ. ಡೀಬಗ್ ಆಗುವ ಯಂತ್ರದಲ್ಲಿ, ಅಂದರೆ ಟಾರ್ಗೆಟ್ಟಿನಲ್ಲಿ, ಯುಎಸ್‌ಬಿ ಕೇಬಲ್ ಎಷ್ಟೇ ದುಬಾರಿಯದ್ದಾದರೂ ಬೇಡ. ಅಲ್ಲಿ ಮದರ್‌ಬೋರ್ಡಿನ ಕಾಮ್ ಪೋರ್ಟ್ (ಪಿಸಿಯ ಸ್ವಂತ ಸೀರಿಯಲ್ ಪೋರ್ಟ್) ಅಥವಾ ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ಇರಬೇಕು. ನಡುವೆ ಬರುವ ಕ್ರಾಸ್ ಕೇಬಲ್ ಅಗ್ಗದ್ದೇ ಸಾಕು, ಆದರೆ ಮಲ್ಟಿಮೀಟರ್ ಹಿಡಿದು ನೋಡಿಯೇ ತೆಗೆದುಕೊಳ್ಳಬೇಕು.

ಕ್ರಾಸ್ ಕೇಬಲ್ಲಿನಿಂದಲೇ ಶುರು ಮಾಡೋಣ. ಪಿಸಿಯ ಕಾಮ್ ಪೋರ್ಟೂ ಯುಎಸ್‌ಬಿ ಕೇಬಲ್ಲಿನ ತುದಿಯೂ ಎರಡೂ ಒಂಬತ್ತು ಪಿನ್ನಿನ ಮೇಲ್ ಕನೆಕ್ಟರ್. ಎರಡರಲ್ಲೂ 2ನೇ ಪಿನ್ ಪಡೆಯುವುದು, 3 ಕಳಿಸುವುದು, 5 ಗ್ರೌಂಡ್. ಹಾಗಾಗಿ ಬೇಕಾದದ್ದು ಎರಡೂ ತುದಿ ಫೀಮೇಲ್ ಇರುವ, ಒಳಗೆ 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್. ಕೌಂಟರಿನಲ್ಲಿ ನಲ್ ಮೋಡೆಮ್ ಎಂದರೆ ಮುಖ ನೋಡುತ್ತಾರೆ. “ಭಯ್ಯಾ, ಡಿಬಿ ನೈನ್, ಫೀಮೇಲ್ ಟು ಫೀಮೇಲ್, ಕ್ರಾಸ್ ವಾಲಾ” ಎಂದರೆ ಕೈಗೆ ಬರುತ್ತದೆ. ಬಂದದ್ದು ಕ್ರಾಸ್ ಹೌದೋ ಅಲ್ಲವೋ ಎಂಬುದು ಬೇರೆ ಮಾತು. ಎರಡೂ ತುದಿ ಫೀಮೇಲ್ ಇದ್ದ ಮಾತ್ರಕ್ಕೆ ಕ್ರಾಸ್ ಆಗಬೇಕೆಂದಿಲ್ಲ. ನೇರ ತಂತಿಯ ಕೇಬಲ್ಲುಗಳೂ ಅದೇ ರೂಪದಲ್ಲಿ ಬರುತ್ತವೆ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಒಂದು ತುದಿಯ 2ರಿಂದ ಇನ್ನೊಂದು ತುದಿಯ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ ಸದ್ದು ಬರಬೇಕು. ಫೀಮೇಲ್ ಕನೆಕ್ಟರನ್ನು ಎದುರಿಗೆ ಹಿಡಿದು ಐದು ತೂತಿನ ಸಾಲು ಮೇಲೆ ಬರುವಂತೆ ನೋಡಿದರೆ 1ನೇ ಪಿನ್ ಬಲ ತುದಿಯಲ್ಲಿರುತ್ತದೆ. ಮೇಲ್ ಆದರೆ ಎಡ ತುದಿಯಲ್ಲಿ. ಇಲ್ಲಿ ಎಡವಿದರೆ 2ರ ಬದಲು 4ನ್ನು ಅಳೆದು, ಒಳ್ಳೆಯ ಕೇಬಲ್ಲನ್ನೇ ಕೆಟ್ಟದ್ದೆಂದು ವಾಪಸ್ ಕೊಟ್ಟು ಬರುತ್ತೀರಿ.

ಲಿನಕ್ಸ್ ಕರ್ನಲ್ಲಿನೊಳಗೇ ಇರುವ ಡೀಬಗ್ ಸೌಲಭ್ಯವಾದ ಕೆಜಿಡಿಬಿಗೆ ಈ ಮೂರು ತಂತಿ ಸಾಕು. ವಿಂಡೋಸ್ ಕೂಡ ಡೀಬಗ್ ಮಾಡುವವರು 7 ಮತ್ತು 8 ಅದಲುಬದಲಾಗಿ, 4 ಎದುರು ತುದಿಯ 1 ಮತ್ತು 6ಕ್ಕೆ ಸೇರಿರುವ ಪೂರ್ಣ ತಂತಿಯ ಕೇಬಲ್ ಕೊಂಡರೆ ಎರಡಕ್ಕೂ ಆಯಿತು. ಉದ್ದ ಒಂದೂವರೆ ಎರಡು ಮೀಟರ್ ಬೇಕಾದಷ್ಟಾಯಿತು. ಮುಂಬೈನ ಕಡಲ ಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಅಗ್ಗದ ಕನೆಕ್ಟರಿನ ಲೋಹ ಬೇಗ ಕಪ್ಪಾಗುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡಿದ ಕೇಬಲ್ಲಿನಲ್ಲಿ ಬೀಪ್ ಬಂದರೂ ತುಸು ಅಲ್ಲಾಡಿಸಿದಾಗ ಸದ್ದು ಕಡಿದುಹೋದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ಯುಎಸ್‌ಬಿ ಕೇಬಲ್. ಇಲ್ಲಿ ಮೊದಲ ಪರೀಕ್ಷೆ ಚಿಪ್ಪಿನದಲ್ಲ, ವೋಲ್ಟೇಜಿನದು. ಪಿಸಿಯ ಸೀರಿಯಲ್ ಪೋರ್ಟುಗಳು ಪಾಲಿಸುವ ಆರ್‌ಎಸ್-232 ಪದ್ಧತಿಯಲ್ಲಿ ಲೈನು ಸುಮ್ಮನಿದ್ದಾಗ ಕಳಿಸುವ ಪಿನ್ ಮೈನಸ್ ವೋಲ್ಟಿನಲ್ಲಿರುತ್ತದೆ. ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಕಪ್ಪು ಪ್ರೋಬ್ 5ಕ್ಕೆ, ಕೆಂಪು 3ಕ್ಕೆ ಮುಟ್ಟಿಸಿ ನೋಡಿ. ಮೈನಸ್ 5ರಿಂದ ಮೈನಸ್ 9ರ ಆಸುಪಾಸು ತೋರಿಸಿದರೆ ಒಳಗೆ ಸರಿಯಾದ ಲೆವೆಲ್ ಕನ್ವರ್ಟರ್, ಅಂದರೆ ವೋಲ್ಟೇಜ್ ಬದಲಿಸುವ ಮ್ಯಾಕ್ಸ್232 ಜಾತಿಯ ಚಿಪ್, ಇದೆ. ಸೊನ್ನೆ ತೋರಿಸಿದರೆ ಲೆವೆಲ್ ಕನ್ವರ್ಟರ್ ಹಾಕದೆ, ಸಿಗ್ನಲ್ಲನ್ನು ತಿರುಗಿಸಿ ಮಾತ್ರ ಕೊಟ್ಟಿದ್ದಾರೆ. ಪ್ಲಸ್ 3.3 ಅಥವಾ 5 ತೋರಿಸಿದರೆ ಅದು ಒಂಬತ್ತು ಪಿನ್ನಿನ ವೇಷ ತೊಟ್ಟ ಟಿಟಿಎಲ್ (ಚಿಪ್ಪಿನ ವೋಲ್ಟೇಜನ್ನು ಬದಲಿಸದೆ ಹಾಗೇ ಕೊಡುವ) ಕೇಬಲ್. ಪಿಸಿಗೆ ಆಗುವುದೇ ಇಲ್ಲ. ಪವರ್ ಬ್ಯಾಂಕಿಗೆ ಚುಚ್ಚಿ ಅಳೆದರೆ ಉಪಯೋಗವಿಲ್ಲ: ಕಂಪ್ಯೂಟರ್ ಗುರುತಿಸುವ ತನಕ ಹಲವು ಕೇಬಲ್ಲುಗಳು ಮಲಗಿಯೇ ಇರುತ್ತವೆ.

ಸೊನ್ನೆಯಿಂದ 5 ವೋಲ್ಟಿನ ನಡುವೆ ಆಡುವ ಕೇಬಲ್ ಅಂಗಡಿಯ ಮೇಜಿನ ಮೇಲೆ ಕೆಲಸ ಮಾಡಿ ತೋರಿಸುತ್ತದೆ. ಮೋಸ ಇರುವುದೇ ಅಲ್ಲಿ. ನಿಯಮದ ಪ್ರಕಾರ ಪಡೆಯುವವನು ಪ್ಲಸ್ 3ರ ಮೇಲೆ ಮತ್ತು ಮೈನಸ್ 3ರ ಕೆಳಗೆ ಇದ್ದದ್ದನ್ನು ಮಾತ್ರ ನಂಬಬೇಕು. ಆದರೆ ಮ್ಯಾಕ್ಸ್232ರಂಥ ಚಿಪ್ಪುಗಳ ತಿರುವು ಬಿಂದು ಒಂದೂಕಾಲು ಒಂದೂವರೆ ವೋಲ್ಟಿನ ಹತ್ತಿರ ಇರುವುದರಿಂದ ಸೊನ್ನೆಯನ್ನೂ ಮೈನಸ್ ಎಂದೇ ಓದಿಕೊಳ್ಳುತ್ತವೆ. ಎರಡು ಯಂತ್ರಗಳ ಗ್ರೌಂಡಿನ ನಡುವೆ ಒಂದು ವೋಲ್ಟ್ ವ್ಯತ್ಯಾಸ ಬಂದ ಕೂಡಲೇ ಅಕ್ಷರಗಳು ಕೆಡತೊಡಗುತ್ತವೆ. ಟರ್ಮಿನಲ್ಲಿನಲ್ಲಿ ಒಂದು ಅಕ್ಷರ ಕೆಟ್ಟರೆ ಕಣ್ಣು ಅದನ್ನು ಸರಿಪಡಿಸಿ ಓದಿಬಿಡುತ್ತದೆ. ಹೋಸ್ಟಿನಲ್ಲಿ ಓಡುವ ಡೀಬಗ್ಗರಾದ ಜಿಡಿಬಿಯಲ್ಲಿ ಪ್ರತಿ ಪ್ಯಾಕೆಟ್ಟಿಗೂ ತಾಳೆ ನೋಡಲು ಎರಡಂಕಿಯ ಚೆಕ್‌ಸಮ್ ಇದೆ, ಒಂದು ಅಕ್ಷರ ಕೆಟ್ಟರೆ ಇಡೀ ಪ್ಯಾಕೆಟ್ ಮತ್ತೆ ಬರಬೇಕು. ಪ್ಯಾಕೆಟ್ ದೋಷವನ್ನು ಕಡೆಗಣಿಸಿ ಮುಂದುವರಿಯುತ್ತಿದ್ದೇನೆ ಎಂಬರ್ಥದ ಜಿಡಿಬಿಯ ಸಂದೇಶ ಪದೇ ಪದೇ ಕಂಡರೆ ಕರ್ನಲ್ಲನ್ನು ಮುಟ್ಟಬೇಡಿ, ವೋಲ್ಟೇಜ್ ಅಳೆಯಿರಿ.

ಚಿಪ್ ಯಾವುದೆಂದು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಐದು ಸೆಕೆಂಡಿನಲ್ಲಿ ತಿಳಿಯುತ್ತದೆ. 0403:6001 ಬಂದರೆ ಎಫ್‌ಟಿಡಿಐನ ಎಫ್‌ಟಿ232. 067ಬಿ:2303 ಪ್ರೋಲಿಫಿಕ್. 1ಎ86:7523 ಸಿಎಚ್340. 10ಸಿ4:ಇಎ60 ಸಿಲಿಕಾನ್ ಲ್ಯಾಬ್ಸಿನ ಸಿಪಿ2102. ಅಂಗಡಿಯವರ ಮುಂದೆಯೇ ಇದನ್ನು ಮಾಡಬಹುದು, ಯಾರೂ ಬೇಡ ಎನ್ನುವುದಿಲ್ಲ.

ಸಿಎಚ್340 ನೂರಿನ್ನೂರು ರೂಪಾಯಿಯ ಒಳಗೆ ಸಿಗುತ್ತದೆ, ಲಿನಕ್ಸ್ ಡ್ರೈವರ್ ಚೆನ್ನಾಗಿದೆ. ಸಿಗ್ನಲ್ಲನ್ನು ಒಳಗೇ ತಿರುಗಿಸಿಕೊಳ್ಳಲು ಈ ಚಿಪ್ಪಿನಲ್ಲೇ ಒಂದು ಪಿನ್ ಇದೆ. ಲೆವೆಲ್ ಕನ್ವರ್ಟರ್ ಇಲ್ಲದ ಕೇಬಲ್ಲುಗಳಲ್ಲಿ ಹೆಚ್ಚಾಗಿ ಇದೇ ಸಿಗುವುದಕ್ಕೆ ಅದು ಕಾರಣ. ಉಬುಂಟು 22.04ರಲ್ಲಿ ಇನ್ನೊಂದು ಕಾಟ: ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಇದೇ ಗುರುತಿನ ಸಂಖ್ಯೆಯನ್ನು ತನ್ನದೆಂದುಕೊಂಡು ಪೋರ್ಟನ್ನು ಕಿತ್ತುಕೊಳ್ಳುತ್ತದೆ. ಕೇಬಲ್ ಚುಚ್ಚಿದೊಡನೆ ಟಿಟಿವೈಯುಎಸ್‌ಬಿ0 (ಲಿನಕ್ಸ್ ಆ ಪೋರ್ಟಿಗೆ ಕೊಡುವ ಹೆಸರು) ಕಾಣಿಸಿಕೊಂಡು ಮರುಕ್ಷಣ ಮಾಯವಾದರೆ ಕಾರಣ ಇದೇ. ಬ್ರೈಲ್ ಪರದೆ ಬಳಸದವರು ಆ ಪ್ಯಾಕೇಜನ್ನು ತೆಗೆದರಾಯಿತು.

ಪ್ರೋಲಿಫಿಕ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ನಕಲಿಗಳಿಗೆ ಲೆಕ್ಕವಿಲ್ಲ. ಅಸಲಿ ಕಂಪನಿಯ ಹೊಸ ವಿಂಡೋಸ್ ಡ್ರೈವರ್ ನಕಲಿಯನ್ನೂ, ತಾನೇ 2012ರಲ್ಲಿ ನಿಲ್ಲಿಸಿದ ಹಳೆಯ ಎಚ್‌ಎಕ್ಸ್‌ಎ ಮಾದರಿಯನ್ನೂ ಓಡಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟಿನ ಹೆಸರಿರಬೇಕಾದ ಜಾಗದಲ್ಲಿ ‘2012ರಿಂದ ನಿಂತಿದೆ, ಮಾರಿದವರನ್ನು ಕೇಳಿ’ ಎಂಬರ್ಥದ ಸಾಲು ಬಂದು ಕೂರುತ್ತದೆ. ಲಿನಕ್ಸಿನಲ್ಲಿ ಅದೇ ಕೇಬಲ್ ಸುಮ್ಮನೆ ಓಡುತ್ತದೆ. ವಿಂಡೋಸಿನ ಡೀಬಗ್ಗರಾದ ವಿಂಡಿಬಿಜಿ ಬಳಸುವವರು ಈ ಜಾತಿಯನ್ನು ಮುಟ್ಟದಿರುವುದೇ ಲೇಸು.

ಎಫ್‌ಟಿಡಿಐಗೂ ನಕಲಿಗಳಿವೆ, ಅದರ ಕಥೆ ಇನ್ನೂ ಬಿಗಿಯಾದದ್ದು. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅವರ ಡ್ರೈವರ್ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ಕೇಬಲ್ಲುಗಳು ಯಾವ ಯಂತ್ರದಲ್ಲೂ ಗುರುತು ಸಿಗದಂತಾದವು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. 2016ರ ಡ್ರೈವರ್ ಸಂಖ್ಯೆಯನ್ನು ಮುಟ್ಟಲಿಲ್ಲ, ಬದಲಿಗೆ ನಕಲಿ ಕಂಡರೆ ನೀವು ಕಳಿಸಿದ ಅಕ್ಷರಗಳ ಜಾಗದಲ್ಲಿ ‘ಇದು ಅಸಲಿ ಸಾಧನವಲ್ಲ’ ಎಂಬ ಇಂಗ್ಲಿಷ್ ವಾಕ್ಯ ತುರುಕತೊಡಗಿತು. ಡೀಬಗ್ಗರಿನ ಪ್ಯಾಕೆಟ್ಟಿನ ನಡುವೆ ಹಾಗೊಂದು ವಾಕ್ಯ ಬಂದರೆ ಏನಾದೀತು, ನೀವೇ ಯೋಚಿಸಿ. ಲ್ಯಾಮಿಂಗ್ಟನ್ ರೋಡಿನಲ್ಲಿ ‘ಎಫ್‌ಟಿಡಿಐ’ ಎಂದು ಕೂಗಿ ಮಾರುವ ಇನ್ನೂರು ರೂಪಾಯಿಯ ಮಾಡ್ಯೂಲನ್ನು ಅಸಲಿ ಎಂದು ನಂಬುವ ಅಗತ್ಯವಿಲ್ಲ. ಅಸಲಿ ಸಿದ್ಧ ಕೇಬಲ್ ಸಾವಿರ ರೂಪಾಯಿ ದಾಟುತ್ತದೆ. ಅದನ್ನು ಬಿಲ್ ಕೊಡುವ ಅಧಿಕೃತ ವಿತರಕರಲ್ಲೇ ಕೊಳ್ಳಬೇಕು.

ಸಾವಿರ ದಾಟುವ ಕೇಬಲ್ಲಿಗೆ ಇಷ್ಟು ಒತ್ತಾಯ ಏಕೆ? ಕಾರಣ ವೇಗವಲ್ಲ. 115200 ಬಾಡನ್ನು, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ಕಳಿಸುವುದನ್ನು, ಮೇಲೆ ಹೇಳಿದ ಎಲ್ಲ ಚಿಪ್ಪುಗಳೂ ಎಡಗೈಯಲ್ಲಿ ಮಾಡುತ್ತವೆ. ಕಾರಣ, ಕಾಯುವ ಸಮಯವನ್ನು ನಮ್ಮ ಕೈಗೆ ಕೊಡುವುದು ಇದೊಂದೇ.

ಲೆಕ್ಕ ಹಾಕಿ ನೋಡಿ. 115200 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಶುರು ಮತ್ತು ಕೊನೆಯ ಬಿಟ್ ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 11,520 ಅಕ್ಷರ. ಜಿಡಿಬಿ ಕರ್ನಲ್ಲಿನ ಒಂದು ವಿಳಾಸದಿಂದ ಎಂಟು ಬೈಟ್ ಓದಬೇಕಾದರೆ ಸುಮಾರು 23 ಅಕ್ಷರದ ಕೋರಿಕೆ ಕಳಿಸುತ್ತದೆ, ಸುಮಾರು 20 ಅಕ್ಷರದ ಉತ್ತರ ಬರುತ್ತದೆ. ತಂತಿಯ ಮೇಲೆ ಎಲ್ಲ ಸೇರಿ ನಾಲ್ಕು ಮಿಲಿಸೆಕೆಂಡು. ಆದರೆ ಎಫ್‌ಟಿ232 ಚಿಪ್ ಬಂದ ಅಕ್ಷರಗಳನ್ನು ತಕ್ಷಣ ಕಂಪ್ಯೂಟರಿಗೆ ಕೊಡುವುದಿಲ್ಲ: 62 ಬೈಟ್ ತುಂಬಬೇಕು, ಇಲ್ಲವೇ ಲೇಟೆನ್ಸಿ ಟೈಮರ್ ಮುಗಿಯಬೇಕು. ಆ ಟೈಮರ್ ಸಾಮಾನ್ಯವಾಗಿ 16 ಮಿಲಿಸೆಕೆಂಡಿಗೆ ಇರುತ್ತದೆ. 20 ಅಕ್ಷರದ ಉತ್ತರ ಎಂದೂ 62 ತುಂಬುವುದಿಲ್ಲವಲ್ಲ, ಹಾಗಾಗಿ ನಾಲ್ಕು ಮಿಲಿಸೆಕೆಂಡಿನ ಕೆಲಸ ಇಪ್ಪತ್ತಾಗುತ್ತದೆ. ಕರ್ನಲ್ಲಿನ ಪ್ರಕ್ರಿಯೆಗಳ ಪಟ್ಟಿಯನ್ನು ನಡೆದು ನೋಡುವಾಗ 300 ಪ್ರಕ್ರಿಯೆ, ಒಂದೊಂದಕ್ಕೆ ನಾಲ್ಕು ಓದು ಎಂದಿಟ್ಟುಕೊಳ್ಳಿ: 1,200 ಓದು, 24 ಸೆಕೆಂಡು. ಟೈಮರನ್ನು 1ಕ್ಕೆ ಇಳಿಸಿದರೆ ಅದೇ ಕೆಲಸ ಆರು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಾಡ್ ದರ ಎರಡೂ ಸಲ ಒಂದೇ.

ಇಳಿಸುವುದು ಸುಲಭ. ಲಿನಕ್ಸಿನಲ್ಲಿ ಸಿಸ್ ಡೈರೆಕ್ಟರಿಯೊಳಗೆ ಬಸ್, ಯುಎಸ್‌ಬಿ-ಸೀರಿಯಲ್, ಡಿವೈಸಸ್, ಟಿಟಿವೈಯುಎಸ್‌ಬಿ0 ಹೀಗೆ ಇಳಿದರೆ ಲೇಟೆನ್ಸಿ_ಟೈಮರ್ ಎಂಬ ಕಡತ ಸಿಗುತ್ತದೆ. ರೂಟ್ ಆಗಿ ಅದಕ್ಕೆ 1 ಬರೆಯಬೇಕು. ಕೇಬಲ್ ಕಿತ್ತು ಚುಚ್ಚಿದರೆ ಹಳೆಯದಕ್ಕೆ ಮರಳುತ್ತದೆ, ಆದ್ದರಿಂದ ಸಾಧನ ಚುಚ್ಚಿದಾಗಲೆಲ್ಲ ತಾನಾಗಿ ಓಡುವ ಯುಡೆವ್ ನಿಯಮವಾಗಿ ಬರೆದಿಡಿ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಅದೇ ಹೆಸರಿನ ಪೆಟ್ಟಿಗೆ ಇದೆ. ಉಳಿದ ಮೂರು ಚಿಪ್ಪುಗಳ ಡ್ರೈವರಿನಲ್ಲಿ ಇಂಥ ಗುಂಡಿಯೇ ಇಲ್ಲ, ಹೇಗಿದೆಯೋ ಹಾಗೆ.

ದೊಡ್ಡ ಓದುಗಳಿಗೆ ಇದು ನೆರವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಮೆಗಾಬೈಟ್ ಮೆಮೊರಿ ತರಿಸಿಕೊಂಡರೆ ತಂತಿಯ ಮೇಲೆ 91 ಸೆಕೆಂಡು. ಜಿಡಿಬಿ ಒಂದೊಂದು ಬೈಟನ್ನೂ ಎರಡು ಹೆಕ್ಸ್ ಅಕ್ಷರವಾಗಿ ಕಳಿಸುವುದರಿಂದ ಮೂರು ನಿಮಿಷ. ಪೂರ್ಣ ಮೆಮೊರಿ ಡಂಪ್ ಬೇಕೆಂದವರು ಸೀರಿಯಲ್ ಬಿಟ್ಟು, ಕರ್ನಲ್ ಬಿದ್ದಾಗ ಮೆಮೊರಿಯನ್ನು ಉಳಿಸಿಡುವ ಕೆಡಂಪ್ ಹಾಕಿಕೊಳ್ಳಬೇಕು.

ಟಾರ್ಗೆಟ್ ಕಡೆಗೆ ಬರೋಣ. ಕೆಜಿಡಿಬಿ ಕರ್ನಲ್ಲನ್ನು ನಿಲ್ಲಿಸಿದಾಗ ಎಲ್ಲ ಸಿಪಿಯುಗಳೂ ನಿಂತಿರುತ್ತವೆ, ಇಂಟರಪ್ಟ್ (ಸಾಧನಗಳು ಸಿಪಿಯುವನ್ನು ಕರೆಯುವ ಸಂಕೇತ) ಇರುವುದಿಲ್ಲ. ಆಗ ಪೋರ್ಟಿನಿಂದ ಒಂದೊಂದೇ ಅಕ್ಷರವನ್ನು ಕಾದು ಎತ್ತಿಕೊಳ್ಳುವ ಪೋಲಿಂಗ್ ಸೌಲಭ್ಯ ಡ್ರೈವರಿನಲ್ಲಿ ಇರಬೇಕು. 8250 ಜಾತಿಯ ಯುಆರ್ಟಿನ (ಸೀರಿಯಲ್ ಪೋರ್ಟನ್ನು ನಡೆಸುವ ಚಿಪ್ಪಿನ) ಡ್ರೈವರಿನಲ್ಲಿ ಅದು ಇದೆ. ಯುಎಸ್‌ಬಿ ಸೀರಿಯಲ್ಲಿನಲ್ಲಿ ಇಲ್ಲ, ಇರುವುದೂ ಕಷ್ಟ, ಏಕೆಂದರೆ ಒಂದು ಅಕ್ಷರಕ್ಕೂ ಇಡೀ ಯುಎಸ್‌ಬಿ ವ್ಯವಸ್ಥೆ ಓಡುತ್ತಿರಬೇಕು. ವಿಂಡೋಸಿನ ಸೀರಿಯಲ್ ಡೀಬಗ್ಗೂ ಟಾರ್ಗೆಟ್ಟಿನಲ್ಲಿ ಯುಎಸ್‌ಬಿ ಕೇಬಲ್ಲನ್ನು ಒಪ್ಪುವುದಿಲ್ಲ. “ಎರಡೂ ಕಡೆ ಒಂದೊಂದು ಯುಎಸ್‌ಬಿ ಕೇಬಲ್ ಹಾಕಿ ಸಾರ್” ಎಂಬ ಅಂಗಡಿಯ ಸಲಹೆ ಫೈಲ್ ಕಳಿಸುವುದಕ್ಕೆ ಸರಿ, ಇದಕ್ಕಲ್ಲ.

ಈಗಿನ ಡೆಸ್ಕ್‌ಟಾಪ್ ಬೋರ್ಡುಗಳ ಹಿಂಬದಿಯಲ್ಲಿ ಕಾಮ್ ಪೋರ್ಟ್ ಕಾಣದಿದ್ದರೂ ಹಲವು ಬೋರ್ಡುಗಳ ಮೇಲೆ ಹತ್ತು ಪಿನ್ ಜಾಗದ, ಒಂಬತ್ತೇ ಪಿನ್ನಿನ ಕಾಮ್ ಹೆಡರ್ ಇರುತ್ತದೆ. ಅದಕ್ಕೆ ಚುಚ್ಚುವ ರಿಬ್ಬನ್ ಬ್ರಾಕೆಟ್ಟು ಲ್ಯಾಮಿಂಗ್ಟನ್ ರೋಡಿನಲ್ಲಿ ಪುಡಿಗಾಸಿಗೆ ಸಿಗುತ್ತದೆ, ಆದರೆ ಎರಡು ಬಗೆಯ ತಂತಿ ಜೋಡಣೆಯಲ್ಲಿ. ಒಂದರಲ್ಲಿ ಹೆಡರಿನ 5ನೇ ಪಿನ್ ಗ್ರೌಂಡ್, ಇನ್ನೊಂದರಲ್ಲಿ 9ನೇದು. ಬೋರ್ಡಿನ ಪುಸ್ತಕದಲ್ಲಿ ನೋಡಿ, ಇಲ್ಲವೇ ಪವರ್ ತೆಗೆದು ಹೆಡರಿನ ಆ ಎರಡು ಪಿನ್ನುಗಳಲ್ಲಿ ಕ್ಯಾಬಿನೆಟ್ಟಿನ ಲೋಹಕ್ಕೆ ಬೀಪ್ ಕೊಡುವುದು ಯಾವುದೆಂದು ಅಳೆಯಿರಿ. ತಪ್ಪು ಬ್ರಾಕೆಟ್ ಹಾಕಿದರೆ ಏನೂ ಸುಡುವುದಿಲ್ಲ ಸಾಮಾನ್ಯವಾಗಿ, ಏನೂ ಬರುವುದೂ ಇಲ್ಲ. ಬಯಾಸಿನಲ್ಲಿ ಪೋರ್ಟ್ ಎನೇಬಲ್ ಆಗಿ 3ಎಫ್8 ವಿಳಾಸ, 4ನೇ ಇಂಟರಪ್ಟ್ ಇದೆಯೇ ನೋಡಿಕೊಳ್ಳಿ. ಲಿನಕ್ಸಿಗೆ ಅದು ಟಿಟಿವೈಎಸ್0.

ಹೆಡರೂ ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಕೆಜಿಡಿಬಿಗೆ ಸರಿಯಾಗಿ ನಡೆಯುತ್ತದೆ, ಆದರೆ ವಿಳಾಸ 3ಎಫ್8 ಆಗಿರುವುದಿಲ್ಲ, ಹೆಸರು ಟಿಟಿವೈಎಸ್4ರ ಆಸುಪಾಸಿನದಾಗುತ್ತದೆ. ಪಿಸಿಐ ಎದ್ದೇಳುವ ಮೊದಲೇ ಕರ್ನಲ್ ಬಿದ್ದರೆ ಈ ಕಾರ್ಡಿನಿಂದ ಏನೂ ತಿಳಿಯುವುದಿಲ್ಲ. ಅಂಥ ದೋಷ ಹುಡುಕುವವರು ಹೆಡರ್ ಇರುವ ಬೋರ್ಡನ್ನೇ ಆರಿಸಬೇಕು.

ಕೇಬಲ್ ಒಳ್ಳೆಯದಿದೆ ಎಂದು ಹೇಳುವ ಮೊದಲು ಅದನ್ನು ಓಡಿಸಬೇಕಾದ ಕ್ರಮ ಇದು. ಮೊದಲು ಹೋಸ್ಟಿನ ಯುಎಸ್‌ಬಿ ಕೇಬಲ್ ಒಂದನ್ನೇ ತೆಗೆದುಕೊಂಡು 2 ಮತ್ತು 3ನೇ ಪಿನ್ನಿಗೆ ಒಂದು ಜಂಪರ್ ತಂತಿ ಹಾಕಿ, ಮಿನಿಕಾಮ್ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು ಟೈಪ್ ಮಾಡಿ. ಟೈಪಿಸಿದ್ದು ಮರಳಿ ಕಾಣಬೇಕು, ಜಂಪರ್ ತೆಗೆದಾಗ ನಿಲ್ಲಬೇಕು. ಕಾಣದಿದ್ದರೆ ಮೊದಲ ಅನುಮಾನ ಮಿನಿಕಾಮಿನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಕಳಿಸಬಹುದೆಂಬ ಸಂಕೇತಕ್ಕೆ ಬೇರೆ ತಂತಿಯಲ್ಲಿ ಕಾಯುವುದು). ಅದು ತಾನಾಗಿ ಆನ್ ಇರುತ್ತದೆ, ಮೂರು ತಂತಿಯ ಕೊಂಡಿಯಲ್ಲಿ ಆಫ್ ಮಾಡಲೇಬೇಕು. ಕರ್ನಲ್ಲಿನ ಸಂದೇಶಗಳು ಬರುತ್ತವೆ ಆದರೆ ನಾವು ಟೈಪ್ ಮಾಡಿದ್ದು ಹೋಗುವುದಿಲ್ಲ ಎಂಬ ದೂರಿಗೂ ಬಹುಪಾಲು ಇದೇ ಮೂಲ. ಪೋರ್ಟ್ ತೆರೆಯಲು ಅನುಮತಿ ಇಲ್ಲವೆಂದರೆ ಡಯಲ್‌ಔಟ್ ಗುಂಪಿಗೆ ಸೇರಿಕೊಳ್ಳಿ. ಮೋಡೆಮ್‌ಮ್ಯಾನೇಜರ್ ಓಡುತ್ತಿದ್ದರೆ ನಿಲ್ಲಿಸಿ; ಹೊಸ ಪೋರ್ಟ್ ಕಂಡಾಗ ಮೋಡೆಮ್ ಇರಬಹುದೆಂದು ಎಟಿ ಆದೇಶ ಕಳಿಸುವ ಅಭ್ಯಾಸ ಅದಕ್ಕಿದೆ.

ಆಮೇಲೆ ಟಾರ್ಗೆಟ್ಟಿನ ಬೂಟ್ ಸಾಲಿನಲ್ಲಿ ಕನ್ಸೋಲನ್ನು ಟಿಟಿವೈಎಸ್0, 115200ಕ್ಕೆ ಕೊಟ್ಟು ಬೂಟ್ ಸಂದೇಶಗಳು ಒಂದಕ್ಷರವೂ ಕೆಡದೆ ಬರುತ್ತವೆಯೇ ನೋಡಿ. ಬಂದರೆ ಮಾತ್ರ ಮುಂದಕ್ಕೆ: ಕೆಜಿಡಿಬಿಒಸಿ ಎಂಬ ಆಯ್ಕೆಗೆ ಅದೇ ಪೋರ್ಟ್ ಮತ್ತು ದರ, ಅದರ ನಂತರ ಕೆಜಿಡಿಬಿವೇಟ್, ಜೊತೆಗೆ ನೋಕೆಎಎಸ್‌ಎಲ್‌ಆರ್. ಈ ಸಾಲಿನಲ್ಲಿ ಅನುಕ್ರಮ ಮುಖ್ಯ. ಕೆಜಿಡಿಬಿವೇಟ್ ಮೊದಲು ಬಂದರೆ ಯಾವ ಪೋರ್ಟಿನಲ್ಲಿ ಕಾಯಬೇಕೆಂದು ಕರ್ನಲ್ಲಿಗೆ ಇನ್ನೂ ಗೊತ್ತಿರುವುದಿಲ್ಲ. ನೋಕೆಎಎಸ್‌ಎಲ್‌ಆರ್ ಮರೆತರೆ ಕರ್ನಲ್ ಪ್ರತಿ ಬೂಟಿಗೂ ಬೇರೆ ವಿಳಾಸದಲ್ಲಿ ಕೂರುತ್ತದೆ, ಜಿಡಿಬಿ ತೋರಿಸುವ ಸಾಲುಗಳೆಲ್ಲ ಸುಳ್ಳಾಗುತ್ತವೆ. ಓಡುತ್ತಿರುವ ಯಂತ್ರವನ್ನು ನಿಲ್ಲಿಸಬೇಕಾದರೆ ಪ್ರಾಕ್ ಡೈರೆಕ್ಟರಿಯೊಳಗಿನ ಸಿಸ್‌ಆರ್‌ಕ್ಯೂ-ಟ್ರಿಗರ್ ಕಡತಕ್ಕೆ ಜಿ ಅಕ್ಷರ ಬರೆಯಿರಿ. ಸೆಕ್ಯೂರ್ ಬೂಟ್ ಆನ್ ಇದ್ದು ಕರ್ನಲ್ ಲಾಕ್‌ಡೌನಿನಲ್ಲಿದ್ದರೆ ಕೆಜಿಡಿಬಿ ತೆರೆಯುವುದಿಲ್ಲ. ಬಯಾಸಿನಲ್ಲಿ ಅದನ್ನು ಆಫ್ ಮಾಡಬೇಕು.

ಹೋಸ್ಟಿನಲ್ಲಿ ಮಿನಿಕಾಮ್ ಮುಚ್ಚಿ (ಎರಡು ಪ್ರೋಗ್ರಾಮುಗಳು ಒಂದೇ ಪೋರ್ಟ್ ತೆರೆದರೆ ಬಂದ ಅಕ್ಷರಗಳನ್ನು ಹಂಚಿಕೊಂಡು ಎರಡೂ ಕೆಡುತ್ತವೆ), ಅದೇ ಬಿಲ್ಡಿನ ವಿಎಂಲಿನಕ್ಸ್ ಎಂಬ ಕರ್ನಲ್ ಕಡತ ಕೊಟ್ಟು ಜಿಡಿಬಿ ತೆರೆದು, ಸೀರಿಯಲ್ ಬಾಡ್ 115200 ಎಂದು ನಿಗದಿ ಮಾಡಿ, ಟಾರ್ಗೆಟ್ ರಿಮೋಟ್ ಆದೇಶದಿಂದ ಪೋರ್ಟಿಗೆ ಸೇರಿ. ರಿಜಿಸ್ಟರುಗಳನ್ನು ಕೇಳುವ ಜಿ ಪ್ಯಾಕೆಟ್ಟಿನ ಉತ್ತರ ತುಂಬ ಉದ್ದವಾಯಿತೆಂದು ಜಿಡಿಬಿ ದೂರಿದರೆ ಕೇಬಲ್ ನಿರಪರಾಧಿ: 32 ಬಿಟ್, 64 ಬಿಟ್ ಹೊಂದಿಕೆ ತಪ್ಪಿದೆ. ಬ್ರೇಕ್‌ಪಾಯಿಂಟ್ (ಕೋಡ್ ಬಂದು ನಿಲ್ಲಬೇಕಾದ ಗುರುತು) ಹಾಕಲಾಗದಿದ್ದರೆ ಕರ್ನಲ್ಲಿನ ಕೋಡ್ ಪುಟಗಳು ಬರೆಯಲಾಗದಂತೆ ಬೀಗ ಬಿದ್ದಿರಬಹುದು. ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬಳಸಿ, ಎಕ್ಸ್86ರಲ್ಲಿ ಅಂಥವು ನಾಲ್ಕೇ ಇವೆ. ಒಂದೇ ತಂತಿಯಲ್ಲಿ ಕನ್ಸೋಲೂ ಡೀಬಗ್ಗರೂ ಬೇಕಾದವರಿಗೆ ಏಜೆಂಟ್-ಪ್ರಾಕ್ಸಿ ಎಂಬ ಸಣ್ಣ ಪ್ರೋಗ್ರಾಂ ಇದೆ, ಪೋರ್ಟನ್ನು ಎರಡು ಟಿಸಿಪಿ ಪೋರ್ಟುಗಳಾಗಿ ಒಡೆದು ಕೊಡುತ್ತದೆ. ಕರ್ನಲ್ ಜಿಡಿಬಿಗಾಗಿ ಕಾಯುತ್ತ ಕೂತಿದ್ದು ನಿಮಗೆ ಕರ್ನಲ್ಲಿನೊಳಗೇ ಇರುವ ಸರಳ ಡೀಬಗ್ಗರಾದ ಕೆಡಿಬಿ ಮಾತ್ರ ಬೇಕಾದರೆ ಟರ್ಮಿನಲ್ಲಿನಲ್ಲಿ $3#33 ಟೈಪ್ ಮಾಡಿ; ತಿರುಗಿ ಹೋಗಲು ಕೆಜಿಡಿಬಿ ಎಂದು ಟೈಪಿಸಿದರಾಯಿತು.

ಈ ಕೆಜಿಡಿಬಿಗೆ ನಮ್ಮ ನೆರೆಯ ನಂಟೂ ಇದೆ. 2000ದ ದಶಕದ ಆರಂಭದಲ್ಲಿ, ಮುಖ್ಯ ಕರ್ನಲ್ಲಿನ ಹೊರಗೆ ಪ್ಯಾಚ್ ಆಗಿದ್ದ ಕಾಲದಲ್ಲಿ ಅದನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಪುಣೆಯ ಅಮಿತ್ ಕಾಳೆ ಪ್ರಮುಖರು. ಅದು ಮುಖ್ಯ ಕರ್ನಲ್ಲಿನೊಳಗೆ ಬಂದದ್ದು 2008ರ 2.6.26ರಲ್ಲಿ, ಕೆಡಿಬಿ ಜೊತೆಗೂಡಿದ್ದು 2010ರ 2.6.35ರಲ್ಲಿ. ಪುಣೆಯಲ್ಲಿ ಕರ್ನಲ್ ಕೆಲಸ ಮಾಡುವ ನಮ್ಮವರಿಗೆ ಇದು ಗೊತ್ತಿರಲಿ.

ರಾಸ್‌ಬೆರಿ ಪೈನಂಥ ಬೋರ್ಡುಗಳಿಗೆ ಒಂಬತ್ತು ಪಿನ್ನಿನ ಕೇಬಲ್ ಬೇಡ. ಹಾಕಿದರೆ ಬೋರ್ಡ್ ಸುಡುತ್ತದೆ. ಅಲ್ಲಿ 3.3 ವೋಲ್ಟಿನ ಟಿಟಿಎಲ್ ಮಾಡ್ಯೂಲ್. ಪೈನ ಹೆಡರಿನಲ್ಲಿ 6ನೇ ಪಿನ್ ಗ್ರೌಂಡ್, 8 ಕಳಿಸುವುದು, 10 ಪಡೆಯುವುದು. ಗ್ರೌಂಡ್ ತಂತಿಯನ್ನೇ ಮೊದಲು ಹಾಕಿ, ಮಾಡ್ಯೂಲಿನ ವಿಸಿಸಿ (ಪವರ್) ತಂತಿಯನ್ನು ಹಾಕಲೇಬೇಡಿ. 3.3 ಮತ್ತು 5ರ ನಡುವೆ ಬದಲಿಸುವ ಜಂಪರ್ ಇರುವ ಮಾಡ್ಯೂಲ್ ಅಂಗಡಿಯಿಂದ ಯಾವ ಸ್ಥಾನದಲ್ಲಿ ಬೇಕಾದರೂ ಬಂದಿರಬಹುದು, ಅಳೆದು ನೋಡಿ. ಬೋರ್ಡಿನ ಪವರ್ ತೆಗೆದಾಗಲೂ ಮಾಡ್ಯೂಲಿನ ಕಳಿಸುವ ಪಿನ್ನಿನಿಂದ 3.3 ವೋಲ್ಟ್ ಬೋರ್ಡಿನೊಳಗೆ ನುಸುಳಿ ಚಿಪ್ ಪೂರ್ತಿ ಆರದೇ ಉಳಿಯಬಹುದು. ಆ ತಂತಿಗೆ ಒಂದು ಕಿಲೋ ಓಮಿನ ರೆಸಿಸ್ಟರ್ ಸೇರಿಸಿದರೆ ಕಾಟ ತಪ್ಪುತ್ತದೆ. ಪೈ 3ರಲ್ಲಿ ಒಳ್ಳೆಯ ಯುಆರ್ಟನ್ನು ಬ್ಲೂಟೂತ್ ಹಿಡಿದಿಟ್ಟುಕೊಂಡಿರುತ್ತದೆ, ಹೊರಗೆ ಬರುವುದು ಮಿನಿ ಯುಆರ್ಟ್. ಅದರ ದರ ಕೋರ್ ಗಡಿಯಾರದೊಂದಿಗೆ ಏರಿಳಿಯುತ್ತದೆ. ಡಿಸೇಬಲ್-ಬಿಟಿ ಓವರ್‌ಲೇ ಹಾಕಿ ಒಳ್ಳೆಯದನ್ನು ಬಿಡಿಸಿಕೊಳ್ಳಿ. ರಾಕ್‌ಚಿಪ್ ಕಂಪನಿಯ ಪ್ರೊಸೆಸರ್ ಇರುವ ಬೋರ್ಡುಗಳು ಸಾಮಾನ್ಯವಾಗಿ 15,00,000 ಬಾಡ್‌ನಲ್ಲಿ ಮಾತನಾಡುತ್ತವೆ. ಹಳೆಯ ಸಿಪಿ2102 ಹತ್ತು ಲಕ್ಷಕ್ಕೆ ನಿಲ್ಲುವುದರಿಂದ ಅಲ್ಲಿ ಕಸವೇ ಕಾಣುತ್ತದೆ. ಇಲ್ಲೂ ಎಫ್‌ಟಿ232 ಗೆಲ್ಲುತ್ತದೆ, 30 ಲಕ್ಷದವರೆಗೆ ಹೋಗುತ್ತದೆ.

ಎರಡು ಪಿನ್ನಿನ ಚಾರ್ಜರಿನ ಲ್ಯಾಪ್‌ಟಾಪ್ ಬಳಸುವವರಿಗೆ ಒಂದು ಎಚ್ಚರಿಕೆ. ಅಂಥ ಚಾರ್ಜರಿನ ಸೋರಿಕೆಯಿಂದ ಲ್ಯಾಪ್‌ಟಾಪಿನ ಗ್ರೌಂಡ್ ಭೂಮಿಗಿಂತ ಬಹಳ ಮೇಲೆ ತೇಲುತ್ತಿರುತ್ತದೆ. ಕೈ ಸವರಿದಾಗ ಜುಮ್ಮೆನ್ನುವುದು ಅದೇ. ಕನೆಕ್ಟರ್ ಸೇರಿಸುವಾಗ ಚಾರ್ಜರ್ ಕಿತ್ತಿಡಿ. ಮೋಟಾರು, ಡ್ರೈವ್ ಇರುವ ಕಾರ್ಖಾನೆಯ ಟಾರ್ಗೆಟ್ ಆದರೆ ಎರಡು ಬದಿಯ ಗ್ರೌಂಡನ್ನು ಬೇರ್ಪಡಿಸುವ, ಎಡಿಯುಎಂ4160 ಚಿಪ್ಪಿನ ಯುಎಸ್‌ಬಿ ಐಸೊಲೇಟರ್ ನಡುವೆ ಹಾಕಿ. ಎಫ್‌ಟಿ232 ಫುಲ್ ಸ್ಪೀಡಿನದಾದ್ದರಿಂದ ಅದರ ಮೂಲಕ ಸರಾಗವಾಗಿ ಓಡುತ್ತದೆ.

ವಿಂಡೋಸ್ ಟಾರ್ಗೆಟ್ಟಿಗೆ ಬಿಸಿಡಿಎಡಿಟ್ ಆದೇಶದಿಂದ ಡೀಬಗ್ ಆನ್ ಮಾಡಿ, ಡಿಬಿಜಿಸೆಟ್ಟಿಂಗ್ಸ್‌ಗೆ ಸೀರಿಯಲ್, ಪೋರ್ಟ್ 1, ದರ 115200 ಕೊಡಬೇಕು. ಮೊದಲು ಸೆಕ್ಯೂರ್ ಬೂಟ್ ಆಫ್, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿಗೆ ತಾತ್ಕಾಲಿಕ ತಡೆ. ಇಲ್ಲದಿದ್ದರೆ ಮುಂದಿನ ಬೂಟಿಗೆ ರಿಕವರಿ ಕೀ ಕೇಳುತ್ತದೆ. ನೆಟ್‌ವರ್ಕ್ ಕಾರ್ಡ್ ಹೊಂದಿಕೆಯಾದರೆ ವಿಂಡೋಸಿಗೆ ನೆಟ್‌ವರ್ಕ್ ಮೂಲಕ ಡೀಬಗ್ ಮಾಡುವ ಕೆಡಿನೆಟ್ಟೇ ಮೇಲು. ಸೀರಿಯಲ್ಲಿಗೆ ಇಲ್ಲಿ ಎರಡನೇ ಸ್ಥಾನ.

ಹಳೆಯ ಪ್ರಿಂಟರ್ ಪೋರ್ಟಾದ ಪ್ಯಾರಲಲ್ ಪೋರ್ಟಿನ ಬಗ್ಗೆ ಇನ್ನೂ ಕೇಳುವವರಿದ್ದಾರೆ. ಕೆಜಿಡಿಬಿ ಪ್ಯಾರಲಲ್ಲಿನ ಮೇಲೆ ಓಡುವುದಿಲ್ಲ. ಆದರೆ ಆ ಪೋರ್ಟು ಮೂರು ಕೆಲಸಕ್ಕೆ ಬರುತ್ತದೆ. ಕರ್ನಲ್ಲಿನಲ್ಲಿ ಎಲ್‌ಪಿ ಕನ್ಸೋಲ್ ಸೇರಿಸಿ ಕಟ್ಟಿದರೆ ಸಂದೇಶಗಳು ನೇರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೋಗುತ್ತವೆ. ಕಾಗದ ಮುಗಿದರೆ ಪ್ರಿಂಟರ್ ತಯಾರಾಗುವ ತನಕ ಕರ್ನಲ್ ಕಾಯುತ್ತ ನಿಲ್ಲುತ್ತದೆ ಎಂಬುದು ನೆನಪಿರಲಿ. ಹಳೆಯ ಎಆರ್‌ಎಂ ಬೋರ್ಡುಗಳಿಗೆ ವಿಗ್ಲರ್ ಮಾದರಿಯ ಜೆಟ್ಯಾಗ್ (ಚಿಪ್ಪನ್ನೇ ನೇರ ಹಿಡಿದು ಡೀಬಗ್ ಮಾಡುವ) ಕೇಬಲ್ ಇದೇ ಪೋರ್ಟಿನಿಂದ ಓಡುತ್ತದೆ. ಮೂರನೆಯದು ನಮಗೆ ಅತಿ ಇಷ್ಟವಾದದ್ದು: ಇಂಟರಪ್ಟ್ ಹ್ಯಾಂಡ್ಲರಿನ ಶುರುವಿನಲ್ಲಿ 378 ಹೆಕ್ಸ್ ವಿಳಾಸಕ್ಕೆ 1, ಕೊನೆಯಲ್ಲಿ 0 ಬರೆದು 2ನೇ ಪಿನ್ನಿಗೆ ಆಸಿಲೋಸ್ಕೋಪ್ ಹಿಡಿದರೆ ಹ್ಯಾಂಡ್ಲರ್ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಕಣ್ಣೆದುರೇ ಕಾಣುತ್ತದೆ. ಒಂದೊಂದು ಬರಹಕ್ಕೆ ಸುಮಾರು ಒಂದು ಮೈಕ್ರೋಸೆಕೆಂಡು ಕಳೆಯಿರಿ. ಸ್ಕೋಪಿನ ಗ್ರೌಂಡ್ 18ರಿಂದ 25ರ ಯಾವ ಪಿನ್ನಿಗಾದರೂ ಆದೀತು.

ಅಂಗಡಿಯಲ್ಲಿ ಕೊಡುವ ‘ಯುಎಸ್‌ಬಿ ಟು ಪ್ಯಾರಲಲ್’ ಕೇಬಲ್ ಈ ಜೆಟ್ಯಾಗಿಗೂ ಆಗದು, ಈ ಅಳತೆಗೂ ಆಗದು. ಅದು ಪ್ರಿಂಟರಿನ ಭಾಷೆ ಮಾತ್ರ ಬಲ್ಲದು, 378 ಎಂಬ ವಿಳಾಸ ಅದಕ್ಕಿಲ್ಲ. ಬೇಕಾದರೆ ಸೀರಿಯಲ್ ಮತ್ತು ಪ್ಯಾರಲಲ್ ಎರಡೂ ಇರುವ ಸಿಎಚ್382 ಚಿಪ್ಪಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕೇಳಿ. ಅದರ ವಿಳಾಸವನ್ನು ಪ್ರಾಕ್ ಒಳಗಿನ ಐಒಪೋರ್ಟ್ಸ್ ಕಡತದಲ್ಲಿ ಓದಿಕೊಂಡು 378ರ ಜಾಗದಲ್ಲಿ ಹಾಕಬೇಕು. ಚಿಕ್ಕ ಕ್ಯಾಬಿನೆಟ್ ಇದ್ದವರು ಲೋ ಪ್ರೊಫೈಲ್ ಬ್ರಾಕೆಟ್ ಡಬ್ಬಿಯೊಳಗಿದೆಯೇ ಎಂದು ಕೌಂಟರಿನಲ್ಲೇ ತೆರೆದು ನೋಡಿ. ಅದನ್ನು ಬಿಡಿಯಾಗಿ ಹುಡುಕಲು ಹೊರಟರೆ ಒಂದು ಮಧ್ಯಾಹ್ನ ಹೋಗುತ್ತದೆ, ಭಾನುವಾರ ಬಂದರಂತೂ ಬಹುಪಾಲು ಅಂಗಡಿಗಳ ಶಟರ್ ಕೆಳಗಿರುತ್ತದೆ.